ಶ್ರೀಶೈಲದ ಹಾದಿ, ಓಟದ ಮೈದಾನ: ಅಂಗಮರ್ದಕರು ಕಂಡ ಕಾಲುಗಳು

ಯುಗಾದಿ ಸಮೀಪಿಸಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರೂರುಗಳಿಂದ ಭಕ್ತಸಮೂಹವು ಕಂಬಿಯನ್ನು ಹೊತ್ತು ಶ್ರೀಶೈಲ ಮಲ್ಲಿಕಾರ್ಜುನನ ಸನ್ನಿಧಿಗೆ ಕಾಲ್ನಡಿಗೆಯಿಂದ ಹೊರಡುತ್ತದೆ. ದಾರಿಯುದ್ದಕ್ಕೂ ದಾಸೋಹದ ಚಪ್ಪರಗಳು ಏಳುತ್ತವೆ. ಅಂತಹದೊಂದು ಚಪ್ಪರದ ಮೂಲೆಯಲ್ಲಿ ಚಾಪೆ ಹಾಸಿ, ಎಣ್ಣೆಯ ಬಟ್ಟಲನ್ನಿಟ್ಟುಕೊಂಡು, ಬಂದವರ ಪಾದಗಳನ್ನು ಒತ್ತುವುದು ನಮ್ಮ ಪಾಲಿಗೆ ಒದಗಿದ ಕಾಯಕ. ವರ್ಷದ ಉಳಿದ ದಿನಗಳಲ್ಲಿ ನಮ್ಮ ಬಳಿಗೆ ಬರುವವರು ಪೈಲವಾನರು, ಶಾಲಾ ಕ್ರೀಡಾಪಟುಗಳು ಮತ್ತು ಪೊಲೀಸ್ ನೇಮಕಾತಿಗಾಗಿ ಓಡುವ ತರುಣರು. ನಡೆಯುವ ಕಾಲು, ಓಡುವ ಕಾಲುಗಳೆರಡನ್ನೂ ಹಿಡಿದು ನೋಡಿದ ಅನುಭವದಿಂದ ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಅಂಗಮರ್ದನವು ನಮ್ಮ ನಾಡಿಗೆ ಹೊಸದಲ್ಲ. ಬಸವಾದಿ ಶರಣರ ಕಾರ್ಯಕ್ಷೇತ್ರವಾದ ಕಲ್ಯಾಣದಲ್ಲಿಯೇ, ಅವರಿಗೆ ತುಸು ಮುಂಚೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅಭ್ಯಂಗವನ್ನೂ ಮಲ್ಲರ ಸಾಧನೆಯನ್ನೂ ವಿವರಿಸಿದ್ದಾನೆ. ನಾವು ಕಲಿತದ್ದು ಗ್ರಂಥದಿಂದಲ್ಲ, ಗರಡಿಮನೆಯ ಕೆಮ್ಮಣ್ಣಿನಲ್ಲಿ. ದಂಡ, ಬೈಠಕ್ ಮುಗಿಸಿದ ಮೇಲೆ ಕಿರಿಯರು ಹಿರಿಯರ ಮೈಯನ್ನು ತಿಕ್ಕಬೇಕೆಂಬುದು ಅಲ್ಲಿಯ ಕಟ್ಟಳೆಯಾಗಿತ್ತು. ವಸ್ತಾದರು ಕಲಿಸಿದ್ದರಲ್ಲಿ ಬಹುಪಾಲು ಇಂದಿಗೂ ಸರಿಯೇ ಆಗಿದೆ. ಆದರೆ ಎಲ್ಲವೂ ಅಲ್ಲ.

ಪಾದಯಾತ್ರಿಗಳು ಹತ್ತುವಾಗ ದಣಿಯುತ್ತಾರೆ, ಇಳಿಯುವಾಗ ನೋಯುತ್ತಾರೆ. ನಲ್ಲಮಲದ ಕಾಡಿನಲ್ಲಿ ಭೀಮನಕೊಳ್ಳಕ್ಕೆ ಇಳಿಯುವ ಮೆಟ್ಟಿಲುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುವು ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುತ್ತದೆ. ಈ ಬಗೆಯ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮವಾದ ಹರಿತಗಳುಂಟಾಗಿ, ಮರುದಿನವೋ ಮೂರನೆಯ ದಿನವೋ ನೋವು ಏರುತ್ತದೆ. ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿ ಇಳಿಸಬೇಕು ಎಂದು ನಾವೂ ಬಹುಕಾಲ ಹೇಳುತ್ತಿದ್ದೆವು. ಅದು ತಪ್ಪು. ಓಟವೋ ನಡಿಗೆಯೋ ನಿಂತ ಒಂದೆರಡು ಗಂಟೆಗಳಲ್ಲಿ ರಕ್ತವು ಅದನ್ನು ತಾನೇ ತೆರವುಗೊಳಿಸಿರುತ್ತದೆ. ಮರ್ದನದಿಂದ ನೋವು ತುಸು ಕಡಿಮೆಯಾಗುತ್ತದೆ, ನಿದ್ರೆ ಬರುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಹರಿದ ಎಳೆಯನ್ನು ಹೊಲಿಯುವ ಶಕ್ತಿ ನಮ್ಮ ಬೆರಳಿಗಿಲ್ಲ. ಆ ಕೆಲಸವನ್ನು ವಿಶ್ರಾಂತಿಯೂ ಆಹಾರವೂ ಮಾಡುತ್ತವೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಳೆಯ ವಯಸ್ಸಿನಲ್ಲಿ, ಕಾಲು ಉಳುಕಿಸಿಕೊಂಡು ಬಂದ ಗೆಳೆಯನೊಬ್ಬನ ಹರಡನ್ನು ಆಗಿಂದಾಗ್ಗೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿ, ಎಳೆದು ‘ಕೂಡಿಸಿ’ದೆವು. ಬೆಳಗಾಗುವಷ್ಟರಲ್ಲಿ ಅದು ಕುಂಬಳಕಾಯಿಯಂತೆ ಬಾತಿತ್ತು. ಆ ಸುಗ್ಗಿಯೆಲ್ಲ ಅವನು ಹೊಲಕ್ಕೆ ಹೋಗಲಿಲ್ಲ. ಹೊಸ ಉಳುಕಿನ ಒಳಗೆ ರಕ್ತ ಜಿನುಗುತ್ತಿರುತ್ತದೆ. ಮೊದಲ ಎರಡು ಮೂರು ದಿನ ಅಲ್ಲಿ ಮರ್ದನವೂ ಸಲ್ಲದು, ಶಾಖವೂ ಸಲ್ಲದು. ಅಗಲವಾದ ಪಟ್ಟಿಯನ್ನು ಹದವಾಗಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕು. ಮಂಜುಗಡ್ಡೆಯ ವಿಚಾರದಲ್ಲಿ ಮತ ಬದಲಾಗಿದೆ. ವಿಶ್ರಾಂತಿ, ಮಂಜು, ಪಟ್ಟಿ, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಪ್ರಚುರಪಡಿಸಿದ ಅಮೆರಿಕೆಯ ವೈದ್ಯ ಗೇಬ್ ಮಿರ್ಕಿನ್ ಅವರೇ, ಮಂಜು ನೋವನ್ನು ಶಮನಗೊಳಿಸಿದರೂ ವಾಸಿಯಾಗುವುದನ್ನು ತಡಮಾಡಬಹುದೆಂದು ಮುಂದೆ ತಿದ್ದಿಕೊಂಡರು. ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಊರಿದ ಕಾಲಿನಿಂದ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸರೇ ಮಾಡಿಸಲೇಬೇಕು.

ಹಿಂದೊಮ್ಮೆ ತಂದೆಯೊಬ್ಬರು ಮಗನನ್ನು ಕರೆತಂದರು. 1600 ಮೀಟರ್ ಓಟದ ಪರೀಕ್ಷೆಗೆ ಆರು ದಿನ ಉಳಿದಿತ್ತು. “ಎಣ್ಣಿ ಹಚ್ಚಿ ಗಟ್ಟಿ ತಿಕ್ಕ್ರಿ ಅಣ್ಣಾರ, ಸೋಮವಾರ ಓಡಬೇಕು” ಎಂದರು. ಹುಡುಗನು ಒಂದೇ ತಿಂಗಳಲ್ಲಿ ಓಟದ ದೂರವನ್ನು ಇಮ್ಮಡಿಗೊಳಿಸಿದ್ದನು, ಅದೂ ಡಾಂಬರು ರಸ್ತೆಯ ಮೇಲೆ. ಮುಂಗಾಲಿನ ಎಲುಬಿನ ಒಳಅಂಚಿನಲ್ಲಿ ಗೇಣುದ್ದಕ್ಕೆ ಹರಡಿದ ನೋವಾದರೆ ಅದು ಓಟಗಾರರಲ್ಲಿ ಸಾಮಾನ್ಯ. ಕೆಲವು ವಾರ ಓಟವನ್ನು ತಗ್ಗಿಸಿದರೆ ಇಳಿಯುತ್ತದೆ. ಇವನ ನೋವಾದರೋ ರೂಪಾಯಿ ನಾಣ್ಯದಷ್ಟು ಜಾಗದಲ್ಲಿತ್ತು. ಒಂದು ಬೆರಳಿಟ್ಟರೆ ಚೀರುತ್ತಿದ್ದನು, ರಾತ್ರಿ ಮಲಗಿದಾಗಲೂ ನೋಯುತ್ತಿತ್ತು. ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿದ್ದಿರಬಹುದೆಂದು ನಮಗೆ ಸಂಶಯ ಬಂದಿತು. ಕೈ ಹಚ್ಚಲು ನಿರಾಕರಿಸಿದೆವು. ತಂದೆಗೆ ಸಿಟ್ಟು ಬಂದಿತು. ಮನೆತನದಲ್ಲಿ ಮೊದಲ ಸರಕಾರಿ ನೌಕರಿ ಕೈಗೆ ಬರುವ ಹೊತ್ತು ಅದು. ಅವರ ಸಿಟ್ಟನ್ನು ತಪ್ಪೆನ್ನಲಾರೆವು. ಮೊದಲ ಎಕ್ಸರೇಯಲ್ಲಿ ಏನೂ ಕಾಣಲಿಲ್ಲವೆಂದು ಮರುದಿನ ಬಂದು ಹಂಗಿಸಿದರು. ಇಂತಹ ಬಿರುಕು ಮೊದಲೆರಡು ವಾರ ಎಕ್ಸರೇಗೆ ಸಿಗದಿರುವುದೇ ಹೆಚ್ಚು. ಹುಡುಗನು ತಂದೆಯ ಮಾತನ್ನು ಮೀರಿ ಆ ಪರೀಕ್ಷೆಯನ್ನು ಬಿಟ್ಟನು. ಮೂರು ವಾರದ ಮೇಲೆ ತೆಗೆದ ಚಿತ್ರದಲ್ಲಿ ಬಿರುಕು ಸ್ಪಷ್ಟವಾಗಿತ್ತು.

ಎರಡು ತಿಂಗಳ ನಂತರ ಅವನು ಓಡುವುದನ್ನು ಮೈದಾನದಲ್ಲಿ ನಿಂತು ನೋಡಿದೆವು. ವೇಗ ಬರಲೆಂದು ಹೆಜ್ಜೆಯನ್ನು ಬಹು ಮುಂದಕ್ಕೆ ಚಾಚುತ್ತಿದ್ದನು. ಮೊಣಕಾಲು ನೆಟ್ಟಗಾಗಿ, ಹಿಮ್ಮಡಿಯು ದೇಹಕ್ಕಿಂತ ಒಂದು ಮೊಳ ಮುಂದೆ ನೆಲಕ್ಕೆ ಬಡಿಯುತ್ತಿತ್ತು. ಓಟದ ಪ್ರತಿ ಹೆಜ್ಜೆಯಲ್ಲಿಯೂ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಾಲು ಸೊಂಟದ ಕೆಳಗೆ, ಮೊಣಕಾಲು ತುಸು ಬಾಗಿದ ಸ್ಥಿತಿಯಲ್ಲಿ ನೆಲ ಮುಟ್ಟಿದರೆ ಸ್ನಾಯುಗಳು ಆ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಇದಕ್ಕೆ ಉಪಾಯ ಸರಳವಾಗಿದೆ: ಒಂದು ನಿಮಿಷದ ಹೆಜ್ಜೆಗಳನ್ನು ಎಣಿಸಿ, ವೇಗವನ್ನು ಹೆಚ್ಚಿಸದೆ ಹೆಜ್ಜೆಯ ಸಂಖ್ಯೆಯನ್ನು ಮಾತ್ರ ನೂರಕ್ಕೆ ಐದರಷ್ಟು ಹೆಚ್ಚಿಸುವುದು. ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಮೊಣಕಾಲಿನ ಹೊರೆ ಇಳಿಯುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ದೂರದ ಓಟಗಾರರು ನಿಮಿಷಕ್ಕೆ 180 ಅಥವಾ ಅದಕ್ಕೂ ಹೆಚ್ಚು ಹೆಜ್ಜೆ ಹಾಕಿದ್ದನ್ನು ತರಬೇತುದಾರ ಜ್ಯಾಕ್ ಡೇನಿಯಲ್ಸ್ ಎಣಿಸಿದ್ದರು. ಆ ಸಂಖ್ಯೆಯನ್ನೇ ಎಲ್ಲರೂ ಜಪಿಸಬೇಕಾಗಿಲ್ಲ. ಎತ್ತರ, ವೇಗಗಳಿಗೆ ತಕ್ಕಂತೆ ಅದು ಬೇರೆಯಾಗುತ್ತದೆ.

ಬೂಟು ಬೇಡ, ಬರಿಗಾಲೇ ಲೇಸು ಎನ್ನುವ ಹಿರಿಯರುಂಟು. ಅವರ ವಾದಕ್ಕೆ ಆಧಾರವಿಲ್ಲದಿಲ್ಲ. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿದ ಶಿವನಾಥ ಸಿಂಗ್ ಬರಿಗಾಲ ಓಟಗಾರರೆಂದೇ ಹೆಸರಾದವರು. (ಮ್ಯಾರಥಾನ್ ಎಂದಾಗ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರನ್ನು ನೆನೆಯದೆ ಮುಂದೆ ಹೋಗಲಾರೆವು. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ 42.75 ಕಿ.ಮೀ. ದೂರವನ್ನು ಓಡಿ 19ನೆಯವರಾದರು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?) ಆದರೆ ಬಾಲ್ಯದಿಂದ ಬರಿಗಾಲಲ್ಲಿ ಬೆಳೆದ ಅಂಗಾಲು ಬೇರೆ, ಇಪ್ಪತ್ತು ವರ್ಷ ಬೂಟಿನಲ್ಲಿದ್ದ ಅಂಗಾಲು ಬೇರೆ. ಎರಡನೆಯವರು ಒಮ್ಮೆಲೇ ಬೂಟು ಕಳಚಿ ಓಡಿದರೆ ಮೀನಖಂಡವೂ ಪಾದದ ಎಲುಬುಗಳೂ ತಾಳಲಾರವು.

ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ನೋಯುವವರಿಗೆ ನಾವು ಎಣ್ಣೆಗಿಂತ ಮೆಟ್ಟಿಲನ್ನೇ ಸೂಚಿಸುತ್ತೇವೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ, ಎರಡೂ ಕಾಲಿನಿಂದ ಮೇಲೆದ್ದು, ನೋಯುವ ಕಾಲೊಂದರ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ಹದಿನೈದರಂತೆ ಮೂರು ಸಲ, ಮೊಣಕಾಲನ್ನು ನೆಟ್ಟಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ. ದಿನಕ್ಕೆರಡು ಬಾರಿ, ಹನ್ನೆರಡು ವಾರ. 1998ರಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ರೆಡ್ಸನ್ ಪ್ರಕಟಿಸಿದ ಕ್ರಮವಿದು. ಹನ್ನೆರಡು ವಾರವೆಂದೊಡನೆ ಅನೇಕರು ಮುಖ ಕಿವುಚಿ, ಬೇರೆ ಮಾಲೀಸಿನವರ ಮನೆ ಹುಡುಕಿಕೊಂಡು ಹೋಗುತ್ತಾರೆ. ಬೆಳಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವ ತಾಯಂದಿರು, ಏಳುವ ಮುನ್ನವೇ ಕಾಲ್ಬೆರಳುಗಳನ್ನು ಮೇಲಕ್ಕೆಳೆದು ಅಂಗಾಲನ್ನು ಉಜ್ಜಿಕೊಂಡರೆ ಹಿತವಾಗುತ್ತದೆ. ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಬಹಳ ಹೊತ್ತು ನಿಂತು ಅಡಿಗೆ ಮಾಡುವುದನ್ನು ಕಡಿಮೆಗೊಳಿಸಬೇಕು.

ಒಂದು ಕಾಲನ್ನು ಮಾತ್ರ ಯಾರೂ ಮುಟ್ಟಬಾರದು. ಒಮ್ಮೆ ಶ್ರೀಶೈಲದಿಂದ ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಹಿಂದಿರುಗಿದ ಗೃಹಿಣಿಯೊಬ್ಬರು ಮೀನಖಂಡವನ್ನು ಒತ್ತಿಸಿಕೊಳ್ಳಲು ಬಂದಿದ್ದರು. ನಡಿಗೆಯ ನೋವು ಎರಡೂ ಕಾಲಿಗಿರುತ್ತದೆ. ಅವರ ಎಡಗಾಲು ಮಾತ್ರ ಬಾತು, ಬಿಗಿದು, ಮುಟ್ಟಿದರೆ ಬಿಸಿಯಾಗಿತ್ತು. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗ ಕಾಣುವ ಲಕ್ಷಣಗಳಿವು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಸಂಚಕಾರ ತರಬಹುದು. ಎಣ್ಣೆಯ ಬಟ್ಟಲನ್ನು ಮುಚ್ಚಿಟ್ಟು, ಅವರ ಮೈದುನನ ಜೀಪಿನಲ್ಲಿ ಆಸ್ಪತ್ರೆಗೆ ಕಳುಹಿಸಿದೆವು. ಹೆಪ್ಪು ಇದ್ದದ್ದು ನಿಜವಾಯಿತು. ಆರು ತಿಂಗಳು ಗುಳಿಗೆ ನುಂಗಿದ ಆ ತಾಯಿ ಮರುವರ್ಷ ಪಾದಯಾತ್ರೆಗೆ ಹೋಗಲಿಲ್ಲ. ನಮ್ಮ ಚಪ್ಪರದಲ್ಲಿ ರೊಟ್ಟಿ ಬಡಿಯುವವರ ಸಾಲಿನಲ್ಲಿ ಕುಳಿತು, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದರು.