ಜಾತಕದ ಕೇಂದ್ರಗಳೂ ಗ್ರಹದೃಷ್ಟಿಯೂ: ಬಾಲಕಾಂಡದ ಒಂದು ಕುಂಡಲಿಯ ಪರಿಶೀಲನೆ

ಜನ್ಮಕುಂಡಲಿಯನ್ನು ಚರಿತ್ರೆಯ ಆಧಾರವಾಗಿ ಬಳಸುವ ಪ್ರಯತ್ನಗಳು ಆಗಾಗ್ಗೆ ನಡೆಯುತ್ತ ಬಂದಿವೆ. ಕುಂಡಲಿಯಲ್ಲಿ ಗ್ರಹಗಳ ಸ್ಥಾನವು ಉಕ್ತವಾಗಿರುವುದರಿಂದ ಗಣಿತದ ಮೂಲಕ ಕಾಲವನ್ನು ನಿರ್ಣಯಿಸಬಹುದೆಂಬುದು ಈ ಪ್ರಯತ್ನಗಳ ತಳಹದಿ. ಈ ತಳಹದಿಯೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕುಂಡಲಿಯಲ್ಲಿ ಗ್ರಹಗಳು ನಿಂತಿರುವುದು ಆಕಾಶದಲ್ಲಿ ಕಂಡಂತೆಯೋ, ಶಾಸ್ತ್ರದ ನಿಯಮವು ಬಯಸಿದಂತೆಯೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಭಾವಗಳ ವಿಂಗಡಣೆ ಮತ್ತು ಗ್ರಹದೃಷ್ಟಿ ಇವೆರಡರ ಪರಿಚಯವಿಲ್ಲದೆ ಈ ವಿಚಾರವು ಸಾಧ್ಯವಿಲ್ಲ. ಫಲಭಾಗದ ಸತ್ಯಾಸತ್ಯತೆ ಪ್ರಕೃತ ನಮ್ಮ ವಿಷಯವಲ್ಲ.

ಲಗ್ನವೆಂದರೆ ಜನನಕಾಲದಲ್ಲಿ ಪೂರ್ವದಿಗಂತದಲ್ಲಿ ಉದಯಿಸುತ್ತಿರುವ ರಾಶಿ. ಅದರಿಂದ ಎಣಿಸಿದ 1, 4, 7, 10ನೆಯ ಭಾವಗಳು ಕೇಂದ್ರಗಳು. 2, 5, 8, 11 ಪಣಫರಗಳು. 3, 6, 9, 12 ಆಪೋಕ್ಲಿಮಗಳು. ಈ ಹೆಸರುಗಳಲ್ಲಿ ಯಾವುದೂ ಮೂಲತಃ ಸಂಸ್ಕೃತವಲ್ಲ. ಗ್ರೀಕರ ಕೆಂತ್ರೋನ್, ಎಪನಫೊರ, ಅಪೋಕ್ಲಿಮ ಎಂಬ ಮಾತುಗಳೇ ಇಲ್ಲಿ ವೇಷಾಂತರ ಹೊಂದಿವೆ. ಏಳನೆಯ ಭಾವದ ಜಾಮಿತ್ರವೆಂಬ ಹೆಸರು ವ್ಯಾಸವಾಚಿಯಾದ ದಿಯಾಮೆತ್ರೋನ್ ಎಂಬುದರಿಂದ ಬಂದಿತು. ಆರನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ಯವನರ ಮತವನ್ನು ಮುಚ್ಚುಮರೆಯಿಲ್ಲದೆ ಉಲ್ಲೇಖಿಸುತ್ತಾನೆ. ಕನ್ನಡದಲ್ಲಿ ಈ ಶಾಸ್ತ್ರವು ಶ್ರೀಧರಾಚಾರ್ಯನ ಜಾತಕತಿಲಕದಿಂದ (1049) ಗ್ರಂಥರೂಪವನ್ನು ಪಡೆಯಿತು.

ಹೆಸರುಗಳ ಅರ್ಥವನ್ನು ಗಮನಿಸಿದರೆ ವಿಂಗಡಣೆಯ ಕಾರಣವೂ ಹೊಳೆಯುತ್ತದೆ. ಆಕಾಶದ ದೈನಂದಿನ ಭ್ರಮಣದಲ್ಲಿ ಉದಯ, ನಡುನೆತ್ತಿ, ಅಸ್ತ ಮತ್ತು ಭೂಮಿಯ ಕೆಳಗಿನ ಬಿಂದು, ಈ ನಾಲ್ಕು ಗೂಟಗಳಂತೆ ಅಚಲವಾದವು. ಇವನ್ನು ಹಿಂಬಾಲಿಸಿ ಏರಿಬರುವವು ಪಣಫರಗಳು. ಇವನ್ನು ದಾಟಿ ಇಳಿದುಹೋದವು ಆಪೋಕ್ಲಿಮಗಳು. ಕೇಂದ್ರದ ಗ್ರಹವು ಬಲಿಷ್ಠ, ಆಪೋಕ್ಲಿಮದ ಗ್ರಹವು ದುರ್ಬಲ ಎಂಬ ಎಣಿಕೆಯು ಇಲ್ಲಿಂದ ಹುಟ್ಟಿತು. 5 ಮತ್ತು 9 ತ್ರಿಕೋಣಗಳೆಂಬುದು ಬೇರೊಂದು ಲೆಕ್ಕ. ಆದ್ದರಿಂದಲೇ ಒಂಬತ್ತನೆಯ ಭಾವವು ಒಂದು ಗಣನೆಯಲ್ಲಿ ದುರ್ಬಲವೂ ಮತ್ತೊಂದರಲ್ಲಿ ಶ್ರೇಷ್ಠವೂ ಆಗಿದೆ.

ದೃಷ್ಟಿಯ ವಿಷಯದಲ್ಲಿ ಕಥೆ ಇನ್ನೂ ಸ್ವಾರಸ್ಯವಾದುದು. ಎರಡನೆಯ ಶತಮಾನದ ಟಾಲೆಮಿಯಲ್ಲಿ ದೃಷ್ಟಿಯು ಶುದ್ಧ ರೇಖಾಗಣಿತ: ರಾಶಿಚಕ್ರದೊಳಗೆ ಬರೆದ ಷಟ್ಕೋಣ, ಚೌಕ, ತ್ರಿಕೋಣ, ವ್ಯಾಸಗಳ ತುದಿಗಳು ಒಂದನ್ನೊಂದು ನೋಡುತ್ತವೆ. ಅದರಂತೆ 3 ಮತ್ತು 11, 4 ಮತ್ತು 10, 5 ಮತ್ತು 9 ಜೋಡಿಗಳಾಗುತ್ತವೆ, 7 ಎದುರಿನದು. ಬೃಹಜ್ಜಾತಕದಲ್ಲಾದರೋ 3 ಮತ್ತು 10ಕ್ಕೆ ಕಾಲುದೃಷ್ಟಿ, 5 ಮತ್ತು 9ಕ್ಕೆ ಅರ್ಧ, 4 ಮತ್ತು 8ಕ್ಕೆ ಮುಕ್ಕಾಲು, 7ಕ್ಕೆ ಪೂರ್ಣ. ಶನಿಗೆ 3 ಮತ್ತು 10, ಗುರುವಿಗೆ 5 ಮತ್ತು 9, ಕುಜನಿಗೆ 4 ಮತ್ತು 8 ಕೂಡ ಪೂರ್ಣದೃಷ್ಟಿಯೇ. ಇಲ್ಲಿ 4 ಮತ್ತು 8ಕ್ಕೆ ‘ಚತುರಸ್ರ’ವೆಂಬ ಸಂಜ್ಞೆ ಇದೆ. ನಾಲ್ಕನೆಯ ರಾಶಿಯು 90 ಅಂಶ ದೂರದಲ್ಲಿದ್ದು ಚೌಕದ ಮೂಲೆಯಾಗುವುದು ಸರಿಯೇ. ಎಂಟನೆಯದು 210 ಅಂಶ ದೂರದಲ್ಲಿದೆ, ಅದು ಯಾವ ಚೌಕದ ಮೂಲೆಯೂ ಅಲ್ಲ. ಹೆಸರು ಉಳಿದು ಆಕೃತಿಯು ಬದಲಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ನಮ್ಮವರು ಕೇವಲ ಅನುವಾದಕರಾಗಿರಲಿಲ್ಲ, ಪಡೆದುದನ್ನು ತಮ್ಮ ರೀತಿಯಲ್ಲಿ ಪುನಃ ಕಟ್ಟಿದರು ಎಂದೇ ನಮ್ಮ ಅಭಿಪ್ರಾಯ.

ಈಗ ವಾಲ್ಮೀಕಿರಾಮಾಯಣದ ಪ್ರಚಲಿತ ಪಾಠದ ಬಾಲಕಾಂಡದಲ್ಲಿ ಬರುವ ಶ್ರೀರಾಮನ ಜನ್ಮಕಾಲವನ್ನು ತೆಗೆದುಕೊಳ್ಳೋಣ. ಚೈತ್ರ ನವಮಿ, ಪುನರ್ವಸು ನಕ್ಷತ್ರ, ಕರ್ಕಾಟಕ ಲಗ್ನ, ಅದರಲ್ಲಿ ಗುರುಚಂದ್ರರು, ಐದು ಗ್ರಹಗಳು ಉಚ್ಚದಲ್ಲಿ: ಇಷ್ಟು ಉಕ್ತವಾಗಿದೆ. ಐದು ಯಾವುವೆಂದು ತರ್ಕದಿಂದಲೇ ತಿಳಿಯಬಹುದು. ಚಂದ್ರನ ಉಚ್ಚವು ವೃಷಭ. ಅವನು ಇಲ್ಲಿ ಕರ್ಕಾಟಕದಲ್ಲಿದ್ದಾನೆ. ಬುಧನ ಉಚ್ಚವು ಕನ್ಯೆ. ಬುಧನು ಸೂರ್ಯನಿಂದ ಸುಮಾರು 28 ಅಂಶಕ್ಕಿಂತಲೂ, ಶುಕ್ರನು 48 ಅಂಶಕ್ಕಿಂತಲೂ ದೂರ ಸರಿಯಲಾರರು. ಆದುದರಿಂದ ಬುಧನು ಉಚ್ಚನಾದರೆ ಮೇಷದಲ್ಲಿ ಸೂರ್ಯನಾಗಲಿ ಮೀನದಲ್ಲಿ ಶುಕ್ರನಾಗಲಿ ಇರಲು ಶಕ್ಯವಿಲ್ಲ. ಉಚ್ಚಗ್ರಹಗಳು ನಾಲ್ಕಕ್ಕೇ ನಿಲ್ಲುತ್ತವೆ. ಹೀಗಾಗಿ ಆ ಐದು ಸೂರ್ಯ, ಕುಜ, ಗುರು, ಶುಕ್ರ, ಶನಿಗಳೇ ಆಗಬೇಕು.

ಇವನ್ನು ನಮ್ಮ ನಾಡಿನ ಚೌಕಕುಂಡಲಿಯಲ್ಲಿ ಬರೆದು ನೋಡಿ. ಲಗ್ನದಲ್ಲಿ ಗುರು, ನಾಲ್ಕರಲ್ಲಿ ತುಲೆಯ ಶನಿ, ಏಳರಲ್ಲಿ ಮಕರದ ಕುಜ, ಹತ್ತರಲ್ಲಿ ಮೇಷದ ಸೂರ್ಯ. ನಾಲ್ಕು ಕೇಂದ್ರಗಳಲ್ಲಿಯೂ ಒಂದೊಂದು ಉಚ್ಚಗ್ರಹ; ಮಿಕ್ಕ ಶುಕ್ರನು ಒಂಬತ್ತನೆಯ ತ್ರಿಕೋಣದಲ್ಲಿ, ಗುರುವಿನ ಪೂರ್ಣದೃಷ್ಟಿಯ ಕೆಳಗೆ. ಬೃಹತ್ಸಂಹಿತೆಯಲ್ಲಿ ವರ್ಣಿತವಾದ ಐದು ಮಹಾಪುರುಷಯೋಗಗಳ ಪೈಕಿ ರುಚಕ, ಹಂಸ, ಶಶ ಎಂಬ ಮೂರು ಇಲ್ಲಿ ಒಟ್ಟಿಗೆ ಕೂಡಿವೆ. ಇದೇ ಕುಂಡಲಿಯನ್ನು ಟಾಲೆಮಿಯ ಮತದವನು ನೋಡಿದರೆ ಬೇರೆಯೇ ಚಿತ್ರ: ಗುರುಕುಜರು ಎದುರುಬದಿರು, ಸೂರ್ಯಶನಿಗಳು ಎದುರುಬದಿರು, ಪಕ್ಕದವರೆಲ್ಲ ಪರಸ್ಪರ ಚೌಕದಲ್ಲಿ, ಇಂಥ ಸಂಬಂಧಗಳನ್ನು ಆ ಗ್ರಂಥಕಾರನು ವಿಷಮವೆಂದೇ ಎಣಿಸಿದ್ದಾನೆ. ನಮ್ಮ ಜೋಯಿಸರೂ ಸಪ್ತಮದ ಕುಜನಲ್ಲಿ ಸೀತಾವಿಯೋಗವನ್ನು ಓದುವುದುಂಟು. ಕಥೆಯು ಮೊದಲೇ ತಿಳಿದಿದ್ದರೆ ಕಾರಣವನ್ನು ಹುಡುಕುವುದು ಕಷ್ಟವಲ್ಲವಷ್ಟೆ.

ಇಷ್ಟು ಅಚ್ಚುಕಟ್ಟಾದ ರಚನೆಯೇ ಚರಿತ್ರಕಾರನ ಸಂದೇಹಕ್ಕೆ ಎಡೆಕೊಡಬೇಕು. ಸಂದೇಹವನ್ನು ಪರಿಹರಿಸುವುದು ತಿಥಿಗಣಿತ. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಶುಕ್ಲ ನವಮಿಯೆಂದರೆ ಅಂತರವು 96ರಿಂದ 108 ಅಂಶಗಳೊಳಗಿರಬೇಕು. ಪುನರ್ವಸುವು ಮೇಷಾದಿಯಿಂದ 93 ಅಂಶ 20 ಕಲೆಗೆ ಮುಗಿಯುತ್ತದೆ. ಸೂರ್ಯನು ಮೇಷದ ಮೊದಲ ಬಿಂದುವಿನಲ್ಲಿಯೇ ಇದ್ದನೆಂದರೂ ಅಂತರವು 93 ಅಂಶ 20 ಕಲೆಯನ್ನು ಮೀರದು, ಅದು ಅಷ್ಟಮಿ. ನವಮಿಯೇ ಬೇಕೆಂದರೆ ಸೂರ್ಯನು ಮೀನದಲ್ಲಿರಬೇಕು. ಆಗ ಅವನಿಗೆ ಉಚ್ಚವಿಲ್ಲ, ಐದರ ಸಂಖ್ಯೆಯೂ ನಿಲ್ಲದು. ಚಂದ್ರನು ಪುಷ್ಯದಲ್ಲಿದ್ದಿದ್ದರೆ ಎಲ್ಲವೂ ಹೊಂದಬಹುದಾಗಿತ್ತು. ಆದರೆ ಅದೇ ಕಾಂಡವು ಪುಷ್ಯವನ್ನು ಭರತನಿಗೆ ಕೊಟ್ಟಿದೆ!

ಅಂದರೆ ನವಮಿ, ಪುನರ್ವಸು, ಐದು ಉಚ್ಚಗ್ರಹಗಳು ಈ ಮೂರೂ ಏಕಕಾಲದಲ್ಲಿ ಯಾವ ಯುಗದ ಆಕಾಶದಲ್ಲಿಯೂ ಕೂಡಲಾರವು. ತಿಥಿನಕ್ಷತ್ರಗಳು ಹಳೆಯ ಸಂಪ್ರದಾಯದಿಂದ ಬಂದವು, ಲಗ್ನವೂ ಉಚ್ಚವೂ ಜಾತಕಶಾಸ್ತ್ರವು ಬೇರೂರಿದ ಮೇಲೆ ಕೂಡಿಕೊಂಡವು ಎಂದು ಊಹಿಸಲು ಇದರಿಂದ ಅವಕಾಶವಿದೆ. ವೇದಾಂಗಜ್ಯೋತಿಷದಲ್ಲಿ ನಕ್ಷತ್ರಗಳಿದ್ದು ಹನ್ನೆರಡು ರಾಶಿಗಳಿಲ್ಲದಿರುವುದೂ ಈ ಊಹೆಗೆ ಅನುಕೂಲವಾಗಿದೆ. ಗಣಕಯಂತ್ರದ ನೆರವಿನಿಂದ ಈ ಕುಂಡಲಿಗೆ ಕ್ರಿ.ಪೂ. 5114ರ ಜನವರಿ 10 ಎಂಬ ದಿನಾಂಕವನ್ನು ಕಟ್ಟಿದವರುಂಟು. ಈ ಮೂರರಲ್ಲಿ ಯಾವುದನ್ನು ಸಡಿಲಿಸಿ ಆ ದಿನಾಂಕವನ್ನು ಪಡೆದರೆಂಬುದನ್ನು ಅವರಿಂದ ಮೊದಲು ಕೇಳಿ ತಿಳಿಯತಕ್ಕದ್ದು.