ಆಡದೆ ಉಳಿದ ಆಟಗಳು

ಬಾಕಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಕಂದಾಯ, ಕಿರಾಣಿ ಅಂಗಡಿಯ ಲೆಕ್ಕ, ಹಾಸ್ಟೆಲಿನ ಊಟದ ಬಿಲ್ಲು. ಆದರೆ ಹಣವನ್ನು ಪೂರ್ತಿ ಕೊಟ್ಟ ಮೇಲೂ ಉಳಿಯುವ ಬಾಕಿಯೊಂದುಂಟು. ಅದು ಕೊಂಡಿಟ್ಟು ಆಡದೆ ಬಿಟ್ಟ ವಿಡಿಯೋ ಗೇಮುಗಳದು. ಕಳೆದ ಜೂನ್ ತಿಂಗಳಿನಲ್ಲಿ ಎಣಿಸಿದಾಗ ನನ್ನ ಪಾಲಿಗೆ ಅಂಥವು 46 ಇದ್ದವು. ಅಧ್ಯಾಪಕ ಮಹಾಶಯರು ಹುಬ್ಬು ಗಂಟಿಕ್ಕುವ ಮೊದಲು ತಮ್ಮ ಬೀರುವಿನಲ್ಲಿ ಓದದೆ ಉಳಿದ ಪುಸ್ತಕಗಳನ್ನು ಒಮ್ಮೆ ಎಣಿಸಬೇಕೆಂದು ವಿನಂತಿ.

ಇಷ್ಟು ಹೇಗೆ ಕೂಡಿದವೆಂದು ಕೇಳಬಹುದು. ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ ಸ್ಟೀಮ್ ಈಗ ಕಂಪ್ಯೂಟರ್ ಆಟಗಳ ದೊಡ್ಡ ಪೇಟೆ. ಅಲ್ಲಿ ವರ್ಷಕ್ಕೆ ಹಲವು ಬಾರಿ ರಿಯಾಯಿತಿಯ ಜಾತ್ರೆ ನೆರೆಯುತ್ತದೆ. ಹಳೆಯ ಆಟಗಳು ಕಾಲು ಬೆಲೆಗೆ ಇಳಿಯುತ್ತವೆ. ಎಪಿಕ್ ಎಂಬ ಇನ್ನೊಂದು ಅಂಗಡಿ 2018ರ ಡಿಸೆಂಬರಿನಿಂದ ಆಟಗಳನ್ನು ಪುಕ್ಕಟೆಯಾಗಿಯೇ ಹಂಚುತ್ತ ಬಂದಿದೆ. ಬೆಲೆ ಇಳಿಯಿತು, ಸರಿಯೆ. ಆಡಲು ಬೇಕಾದ ಗಂಟೆ ಇಳಿಯಲಿಲ್ಲ. ಆಟವೊಂದಕ್ಕೆ ಸರಾಸರಿ 15 ಗಂಟೆ ಎಂದಿಟ್ಟುಕೊಂಡರೂ 46 ಆಟಗಳಿಗೆ 690 ಗಂಟೆ. ವಾರಕ್ಕೆ 5 ಗಂಟೆಯಂತೆ 138 ವಾರ. ನಮ್ಮ ಬಿ.ಎ. ತರಗತಿಯ ಮೂರು ವರ್ಷ ಹೆಚ್ಚುಕಡಮೆ ಅದರಲ್ಲಿಯೇ ಮುಗಿದುಹೋಗುತ್ತದೆ! ನನಗೋ ಉಳಿದಿರುವುದು ಕೊನೆಯ ವರ್ಷವೊಂದೇ. ಆಮೇಲೆ ಕೆಲಸ ಹುಡುಕಬೇಕು. ಇಂಥ ಸಂಜೆಗಳು ಮತ್ತೆ ಸಿಕ್ಕುವ ಭರವಸೆಯಿಲ್ಲ. ಆದುದರಿಂದ ಆರಿಸದೆ ವಿಧಿಯಿಲ್ಲ.

ನಾನು ಮೊದಲು ಕೈಗೆತ್ತಿಕೊಂಡದ್ದು ಚಿಕ್ಕ ಆಟಗಳನ್ನು. 2012ರ ಜರ್ನಿ ಸುಮಾರು ಎರಡು ಗಂಟೆಯದು. ಒಂದೇ ಸಂಜೆಯಲ್ಲಿ ಮುಗಿಯಿತು. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ರಾಜಿಯೂ ದೊಡ್ಡದಲ್ಲ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕಥೆ ಅದು. ಕಾಳಗಕ್ಕಿಂತ ಅದರ ಕೋಟೆ ಮಂದಿರಗಳ ಚಿತ್ರಣವೇ ನನಗೆ ಹೆಚ್ಚು ಹಿಡಿಸಿತು.

ಈ ಬಾಕಿಯಲ್ಲಿ ನನಗೆ ದೊರೆತ ನಿಜವಾದ ನಿಧಿಯೆಂದರೆ ರಿಟರ್ನ್ ಆಫ್ ದಿ ಒಬ್ರಾ ಡಿನ್. ಲ್ಯೂಕಾಸ್ ಪೋಪ್ ಎಂಬಾತ ಬಹುಮಟ್ಟಿಗೆ ಒಬ್ಬನೇ ಕೂತು ಮಾಡಿ 2018ರಲ್ಲಿ ಪ್ರಕಟಿಸಿದ ಆಟ. ಕಾಲ 1807. ಕಾಣೆಯಾಗಿದ್ದ ಹಡಗೊಂದು ಜೀವಂತ ಮನುಷ್ಯನೊಬ್ಬನೂ ಇಲ್ಲದೆ ಬಂದರಿಗೆ ಮರಳಿದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮೆಯ ಪರೀಕ್ಷಕರು. ಹಡಗಿನಲ್ಲಿದ್ದ 60 ಮಂದಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಪುಸ್ತಕದಲ್ಲಿ ತುಂಬಬೇಕು. ಮೂವರ ವಿವರ ಸರಿಯಾದಾಗ ಮಾತ್ರ ಆಟ ನಮ್ಮ ಬರಹವನ್ನು ಒಪ್ಪುತ್ತದೆ. ಊಹೆಯ ಹೊಡೆತ ನಡೆಯದು. ಮಾತಿನ ಧಾಟಿ, ತೊಟ್ಟ ಬಟ್ಟೆ, ಮಲಗುವ ತೂಗುಮಂಚದ ಅಂಕೆ, ಎಲ್ಲವೂ ಸಾಕ್ಷಿಯೇ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಆಡಲೇಬೇಕೆಂದು ನನ್ನ ಅಭಿಪ್ರಾಯ.

ಅರ್ಧಕ್ಕೆ ನಿಂತ ಆಟಗಳ ಪಾಡು ಬೇರೆ. ಕಾದಂಬರಿಯಾದರೆ ಹತ್ತು ಪುಟ ಹಿಂದೆ ಹೋಗಿ ಓದಿದರೆ ಸಾಕು. ಆಟದಲ್ಲಿ ಮರೆಯುವುದು ಬುದ್ಧಿಯಷ್ಟೇ ಅಲ್ಲ, ಕೈಬೆರಳೂ ಮರೆಯುತ್ತದೆ. 2017ರ ಹಾಲೋ ನೈಟ್‌ನಲ್ಲಿ ಒಂದೊಂದು ಪ್ರದೇಶದ ನಕ್ಷೆಯನ್ನೂ ಕೊಂಡು, ಅಲೆದಾಡಿ ತುಂಬಿಸಿಕೊಳ್ಳಬೇಕು. ಪರೀಕ್ಷೆ ಮುಗಿಸಿ ಎರಡು ತಿಂಗಳ ಮೇಲೆ ಬಂದಾಗ ನಕ್ಷೆಯೇನೋ ಇತ್ತು, ಜಿಗಿಯುವ ಗುಂಡಿಯೇ ಮರೆತಿತ್ತು. ಈಗ ಯಾವ ಆಟವನ್ನೇ ನಿಲ್ಲಿಸಲಿ, ಎಲ್ಲಿ ಇದ್ದೆ, ಮುಂದೇನು, ಯಾವ ಗುಂಡಿ ಯಾವುದಕ್ಕೆ ಎಂದು ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆದಿಡುತ್ತೇನೆ.

ಬಿಟ್ಟುಬಿಡುವುದಕ್ಕೂ ಒಂದು ಅಳತೆ ಬೇಕಷ್ಟೆ. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ನನ್ನ ಆಟಗಳಿಗೆ ಆ ಗಡುವು ಎಂದೋ ಕಳೆದಿದೆ. ಆದರೂ ಆ ಎರಡು ಗಂಟೆಯನ್ನು ಎರವಲು ಪಡೆದಿದ್ದೇನೆ: ಅಷ್ಟರಲ್ಲಿ ಮನಸ್ಸು ಹಿಡಿಯದ ಆಟಕ್ಕೆ ನಮಸ್ಕಾರ.

ಇನ್ನು ಕೆಲವು ಆಟಗಳು ನಮ್ಮನ್ನು ಕಾಯುವುದೂ ಇಲ್ಲ. ಯೂಬಿಸಾಫ್ಟ್ ಸಂಸ್ಥೆಯ ದಿ ಕ್ರೂ ಎಂಬ 2014ರ ಕಾರ್ ಓಟದ ಆಟಕ್ಕೆ ಸದಾ ಸಂಸ್ಥೆಯ ಸರ್ವರಿನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಅವು ನಿಂತವು. ಒಬ್ಬಂಟಿಯಾಗಿ ಕಾರು ಓಡಿಸಬಯಸಿದವರಿಗೂ ಆಟ ಇಲ್ಲವಾಯಿತು. ನೀವು ಕೊಳ್ಳುತ್ತಿರುವುದು ಬಳಕೆಯ ಪರವಾನಗಿ ಮಾತ್ರವೆಂದು ಸ್ಟೀಮ್ ಕೂಡ 2024ರ ಅಕ್ಟೋಬರಿನಿಂದ ಹಣ ಕಟ್ಟುವಲ್ಲಿಯೇ ತಿಳಿಸುತ್ತಿದೆ. ಆದಕಾರಣ ಸರ್ವರಿನ ಹಂಗಿರುವ ಆಟಗಳನ್ನು ಪಟ್ಟಿಯ ಮೇಲಕ್ಕೆ ತಂದಿದ್ದೇನೆ.

ಇದುವರೆಗೆ 9 ಮುಗಿದಿವೆ, 8ಕ್ಕೆ ನಮಸ್ಕಾರ ಸಂದಿದೆ, 29 ಉಳಿದಿವೆ. ಅವುಗಳಲ್ಲಿ 2015ರ ವಿಚರ್ 3 ಒಂದು. ಮೂಲ ಕಥೆಗೇ ಸುಮಾರು 50 ಗಂಟೆ ಬೇಡುವ ಆ ಮಹಾಗ್ರಂಥವನ್ನು ಅಂತಿಮ ಪರೀಕ್ಷೆಯ ಮರುದಿನಕ್ಕೆ ಕಾದಿರಿಸಿದ್ದೇನೆ.