ಪಿಯಾನೋ ಮುದ್ರಿಕೆಯನ್ನು ಕೇಳುವ ಬಗೆ

ಪಿಯಾನೋವಿನಲ್ಲಿ ನುಡಿಸಿದ ಸ್ವರವು ಆ ಕ್ಷಣದಿಂದಲೇ ಕುಗ್ಗತೊಡಗುವುದು. ವೈಣಿಕನಂತೆ ತಂತಿಯನ್ನೆಳೆದು ಗಮಕವನ್ನು ಹುಟ್ಟಿಸಲು ವಾದಕನಿಗೆ ಸಾಧ್ಯವಿಲ್ಲ. ಬೆರಳಿನ ಭಾರ, ಕಾಲದ ಹಿಗ್ಗುಕುಗ್ಗು, ಪಾದದಡಿಯ ಪೆಡಲು: ಅವನ ಸಂಪತ್ತು ಇಷ್ಟೆ. ಆದಕಾರಣ ರಮ್ಯಮಾರ್ಗದ ಕೃತಿಗಳ ಮುದ್ರಿಕೆಗಳನ್ನು ಕೇಳುವಾಗ ಬೆರಳುಗಳ ವೇಗಕ್ಕೆ ಬೆರಗಾಗದೆ, ದನಿಯ ಏರಿಳಿತಕ್ಕೆ ಕಿವಿಗೊಡಬೇಕು.

ಶೋಪಾನನ ಎರಡನೆಯ ಸೊನಾಟಾ 1840ರಲ್ಲಿ ಪ್ರಕಟವಾಯಿತು. ಅದರಲ್ಲಿ ಶವಯಾತ್ರೆಯ ನಡೆಯೊಂದುಂಟು. ಮಂದ್ರದಲ್ಲಿ ಎರಡೇ ಸ್ವರಮೇಳಗಳು ಗಂಟೆಯಂತೆ ಸರದಿಯಾಗಿ ಮೊಳಗುವುವು. ನಡುವೆ ಜೋಗುಳದಂತಹ ಮೃದುಗಾನ. ಬಳಿಕ ಮತ್ತೆ ಅದೇ ನಡೆ, ಮೊದಲಿನಂತೆಯೇ ಮೆಲುದನಿಯಿಂದ. ಬರೆಹದಲ್ಲಿರುವುದು ಹೀಗೆ. ರಷ್ಯಾದ ರಾಖ್ಮಾನಿನಾಫನು 1930ರಲ್ಲಿ ಇದನ್ನು ಮುದ್ರಿಸಿದಾಗ ಆ ಸೂಚನೆಯನ್ನು ಪಾಲಿಸಲಿಲ್ಲ. ಗಾನವು ಮುಗಿದೊಡನೆ ನಡೆಯನ್ನು ಸಿಡಿಲಿನಂತೆ ಎತ್ತಿಕೊಂಡು, ಅಲ್ಲಿಂದ ಮೆಲ್ಲಮೆಲ್ಲನೆ ಇಳಿಸುತ್ತ ಮೌನಕ್ಕೆ ಒಯ್ದನು. ಯಾತ್ರೆಯು ದೂರದಿಂದ ಬಂದು, ನಮ್ಮ ಬಾಗಿಲ ಮುಂದೆ ಹಾದು, ಮರೆಯಾದಂತೆ ತೋರುವುದು.

ಇದು ಅಪಚಾರವೆ? ನನಗೆ ಹಾಗೆನಿಸದು; ಮೊದಲ ಸ್ವರದಿಂದಲೇ ಅವನು ಈ ದಾರಿಯನ್ನು ಕಂಡಿದ್ದಾನೆ. ಆದರೂ ಶ್ರೋತೃಗಳು ಬರೆದಂತೆ ನುಡಿಸಿದ ಮುದ್ರಿಕೆಯೊಂದನ್ನು ಮೊದಲು ಕೇಳಿ, ಅನಂತರ ಇದಕ್ಕೆ ಬರಬೇಕು. ಇಲ್ಲವಾದರೆ ರಾಖ್ಮಾನಿನಾಫನ ಸಾಹಸವನ್ನು ಶೋಪಾನನ ಆಜ್ಞೆಯೆಂದೇ ಬಗೆದುಬಿಡುವರು.